ನೀಲಾಂಬಿಕಳ ಗ್ರೀಕ್

"ಎಲ್ಲರೂ ಒಟ್ಟಿಗೆ! ಇನ್ನೊಂದ್ಸಲ!" ಸದಾಶಿವಪ್ಪ ಮೇಷ್ಟ್ರು ಬೆತ್ತದಿಂದ ಮೇಜು ತಟ್ಟಿದರು.

"ಪಕೋಲಾ ಸಿಮಿ!" ಇಪ್ಪತ್ತೆರಡು ಮಕ್ಕಳು ಸೂರು ಹಾರಿಹೋಗುವಂತೆ ಕೂಗಿದರು.

"ಅಂದ್ರೆ?"

"ದಯವಿಟ್ಟು ಕೂತ್ಕೊಳ್ಳಿ!"

"ಭೇಷ್!" ಮೇಷ್ಟ್ರ ಮುಖ ಅರಳಿತು. "ಗುರುವಾರ ಸೊರಬದಿಂದ ಇನ್‌ಸ್ಪೆಕ್ಟ್ರು ಬರ್ತಾರೆ. ಎಲೆನಮ್ಮನೂ ಬರ್ತಾರೆ. ಇಡೀ ಜಿಲ್ಲೇಲಿ ಗ್ರೀಕ್ ಮಾತಾಡೋ ಸ್ಕೂಲು ನಮ್ಮದೊಂದೇ ಅಂತ ಇನ್‌ಸ್ಪೆಕ್ಟ್ರಿಗೆ ಕಾಗದ ಬರೆದಿದ್ದೀನಿ. ಇದೆಲ್ಲ ನಮ್ಮ ನೀಲಾಂಬಿಕಳಿಂದ."

ಎಲ್ಲರೂ ತಿರುಗಿ ನೋಡಿದರು. ಎರಡನೇ ಸಾಲಿನಲ್ಲಿ ಕೂತಿದ್ದ ನೀಲಾಂಬಿಕ ತಲೆ ತಗ್ಗಿಸಿದಳು. ಪಾಪ, ನಾಚಿಕೆ ಎಂದುಕೊಂಡರು ಎಲ್ಲರೂ. ನಾಚಿಕೆಯಲ್ಲ, ಭಯ.

ಏಕೆಂದರೆ 'ಪಕೋಲಾ ಸಿಮಿ' ಗ್ರೀಕ್ ಅಲ್ಲ. ಈ ಭೂಮಿಯ ಮೇಲಿನ ಯಾವ ಭಾಷೆಯೂ ಅಲ್ಲ. ಹೋದ ವಾರ ಸ್ಕೂಲಿನ ಹಿಂದಿನ ಹುಣಸೆಮರದ ಕೆಳಗೆ ನಿಂತು ನೀಲಾಂಬಿಕಳೇ ಹುಟ್ಟಿಸಿದ ಮಾತು ಅದು.

ಎಲೆನಮ್ಮ ಎಂದರೆ ಎಲೆನಿ. ಗ್ರೀಸ್ ದೇಶದಿಂದ ಕುಬಟೂರಿನ ಹಳೇ ದೇವಸ್ಥಾನದ ಕೆತ್ತನೆಗಳ ಚಿತ್ರ ಬರೆಯಲು ಬಂದವರು. ಊರಿನವರ ಬಾಯಲ್ಲಿ ಅವರು ಒಂದೇ ದಿನದಲ್ಲಿ ಎಲೆನಮ್ಮ ಆಗಿದ್ದರು. ಅವರ ಜೊತೆ ಮೈಸೂರಿನಿಂದ ಬಂದಿದ್ದ ಪರಮಶಿವಪ್ಪ ಎಂಬುವರು ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ದಿನಾ ಮಧ್ಯಾಹ್ನ ಎಲೆನಮ್ಮನಿಗೆ ಮಜ್ಜಿಗೆ ತೆಗೆದುಕೊಂಡು ಹೋಗುವುದು ನೀಲಾಂಬಿಕಳ ಕೆಲಸ.

ಪರಮಶಿವಪ್ಪನವರು ಅವಳಿಗೆ ಮೂರು ಮಾತು ಕಲಿಸಿದ್ದರು. 'ಕಲಿಮೇರಾ' ಎಂದರೆ ಶುಭದಿನ. 'ತಿ ಕಾನೆತೆ' ಎಂದರೆ ಹೇಗಿದ್ದೀರಿ. 'ಎಫ್ಖರಿಸ್ತೋ' ಎಂದರೆ ವಂದನೆಗಳು. ಅಷ್ಟರಲ್ಲಿ ಅವರಿಗೆ ಚಳಿಜ್ವರ ಹತ್ತಿ, ಶಿಕಾರಿಪುರದ ಆಸ್ಪತ್ರೆ ಸೇರಿದರು. ನೀಲಾಂಬಿಕಳ ಗ್ರೀಕ್ ಅಲ್ಲಿಗೇ ನಿಂತಿತು.

ನಿಂತಿದ್ದನ್ನು ಅವಳು ಹಾಗೇ ಬಿಡಬಹುದಿತ್ತು. ಆದರೆ ಗೆಳತಿ ಲೋಕಮ್ಮ, "ಮೂರೇನಾ? ಇಷ್ಟೇನಾ ನಿನ್ ಗ್ರೀಕು?" ಎಂದು ಮೂತಿ ತಿರುಗಿಸಿದಳು. ಆಗ ನೀಲಾಂಬಿಕಳ ಬಾಯಿಂದ ತಾನಾಗಿ ನಾಲ್ಕನೆಯದು ಬಂತು. ಮರುದಿನ ಐದನೆಯದು, ಅದರ ಮರುದಿನ ಆರನೆಯದು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದಿದ್ದೇ ತಡ, ಆರನ್ನೂ ಬೋರ್ಡಿನ ಮೇಲೆ ದುಂಡಗೆ ಬರೆದುಬಿಟ್ಟರು.

ಗುರುವಾರ ಎಲೆನಮ್ಮ ಬರುತ್ತಾರೆ. 'ಪಕೋಲಾ ಸಿಮಿ' ಕೇಳಿ ಕಣ್ ಕಣ್ ಬಿಡುತ್ತಾರೆ. ಇನ್‌ಸ್ಪೆಕ್ಟರ ಮುಂದೆ ಮೇಷ್ಟ್ರ ಮಾನ ಹೋಗುತ್ತದೆ.

ಎಲೆನಮ್ಮನಿಗೇ ಹೇಳಿಬಿಟ್ಟರೆ? ಅವರು ನಗುತ್ತಾರೆ, ಗುರುವಾರ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನೆ ತಲೆಯಾಡಿಸುತ್ತಾರೆ, ಕತೆ ಮುಗಿಯಿತು!

ಆ ಮಧ್ಯಾಹ್ನ ಮಜ್ಜಿಗೆ ಚೊಂಬನ್ನು ಕೆಳಗಿಟ್ಟು ನೀಲಾಂಬಿಕ ಎಲೆನಮ್ಮನ ಎದುರು ನಿಂತಳು. ಆದರೆ 'ಸುಳ್ಳು ಹೇಳಿದೆ' ಎನ್ನುವುದಕ್ಕೆ ಗ್ರೀಕ್‌ನಲ್ಲಿ ಏನೆನ್ನಬೇಕು? ಅವಳ ಹತ್ತಿರ ಇದ್ದ ಮೂರು ಮಾತಿನಲ್ಲಿ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

"ಎಲೆನಮ್ಮ, ತಪ್ಪಾಯ್ತು!" ಎಂದು ಎರಡೂ ಕೈಯಿಂದ ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆದಳು. ಒಂದು, ಎರಡು, ಮೂರು. ಕಣ್ಣಲ್ಲಿ ನೀರೂ ಬಂತು.

ಎಲೆನಮ್ಮ ಪೆನ್ಸಿಲ್ ಬಿಸುಟು ಎದ್ದರು. "ಓ, ಓ!" ಎನ್ನುತ್ತ ಓಡಿಬಂದು ಅವಳ ಕೈ ಬಿಡಿಸಿ, ಒಂದು ಕಿವಿಯೊಳಗೆ ಇಣುಕಿದರು. ಇನ್ನೊಂದರೊಳಗೂ ಇಣುಕಿದರು. ಹಣೆ ಮುಟ್ಟಿ ನೋಡಿದರು. ತಗಡಿನ ಪೆಟ್ಟಿಗೆ ತೆರೆದು ಎರಡೂ ಕಿವಿಗೆ ಹತ್ತಿ ಇಟ್ಟರು. ಮೇಲೆ ತಮ್ಮದೇ ಕೆಂಪು ಚೌಕದ ವಸ್ತ್ರವನ್ನು ತಲೆಗೆ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದರು.

ಅವರ ದೇಶದಲ್ಲಿ ತಪ್ಪು ಮಾಡಿದವರು ಕಿವಿ ಹಿಡಿದುಕೊಳ್ಳುವುದಿಲ್ಲ ಎಂದು ನೀಲಾಂಬಿಕಳಿಗೆ ಯಾರು ಹೇಳಬೇಕು? ಅವಳು ಸೋತವಳಂತೆ "ಎಫ್ಖರಿಸ್ತೋ" ಎಂದು ಹೇಳಿ ಚೊಂಬು ತೆಗೆದುಕೊಂಡು ಹೊರಟಳು.

ದಾರಿಯುದ್ದಕ್ಕೂ ಜನ, "ಏನಾತೇ ಹುಡುಗಿ? ಮಂಗನಬಾವಾ?" ಎಂದು ಕೇಳಿದ್ದೇ ಕೇಳಿದ್ದು.

ಮನೆಯಲ್ಲಿ ಅವ್ವ ನಿರ್ಮಲಮ್ಮ ಗಂಟು ಬಿಚ್ಚಿ, ಹತ್ತಿ ತೆಗೆದು, ಮಗಳ ಮುಖ ನೋಡಿದಳು. "ಕಿವಿ ನೋವೇನೇ?"

"ಇಲ್ಲ."

"ಮತ್ತೆ ಏನ್ ನೋವು?"

ಅಷ್ಟು ಕೇಳಿದ್ದೇ ಸಾಕಾಯಿತು. ನೀಲಾಂಬಿಕ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿದಳು. ಬಸ್ಕಿಯ ಕತೆ ಬಂದಾಗ ಅವ್ವ ನಗು ತಡೆಯಲಾರದೆ ಕೆಮ್ಮಿದಳು. ಆಮೇಲೆ ಗಂಭೀರಳಾದಳು.

"ಎಲೆನಮ್ಮಂಗೆ ಹೇಳಾಕೆ ನಿನ್ ಹತ್ರ ಮಾತಿಲ್ಲ, ಒಪ್ಕೊಂಡೆ. ಮೇಷ್ಟ್ರಿಗೆ ಹೇಳಾಕೆ ಮಾತೈತಲ್ಲ?"

ಅದೇ ತೊಂದರೆ. ಕನ್ನಡದಲ್ಲಿ ಹೇಳಿದರೆ ಪೂರ್ತಿ ಅರ್ಥವಾಗಿಬಿಡುತ್ತದೆ.

ಮಂಗಳವಾರ ಗಂಟೆ ಹೊಡೆಯುವ ಮೊದಲೇ ಅವಳು ಸ್ಕೂಲಿಗೆ ಹೋದಳು. ಮೇಷ್ಟ್ರು ಹೊಸ ಮೈಸೂರು ರಾಜ್ಯದ ನಕ್ಷೆಯನ್ನು ಗೋಡೆಗೆ ತೂಗುಹಾಕುತ್ತಿದ್ದರು.

"ಸಾರ್, ಬೋರ್ಡ್ ಮೇಲಿರೋದ್ರಲ್ಲಿ ಮೂರು ಸುಳ್ಳು ಸಾರ್. ನಾನೇ ಮಾಡಿದ್ದು." ಒಂದೇ ಉಸಿರಿನಲ್ಲಿ ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟರೆ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಮುಖ ಕೆಂಪಾಗಿತ್ತು.

"ನಾನು ಕಾಗದ ಬೇರೆ ಬರೆದಾಯ್ತಲ್ಲೇ," ಎಂದರು ಮೆಲ್ಲಗೆ.

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನೀಲಾಂಬಿಕಳಿಗೆ. ಅವಳು ಬಿಕ್ಕಿದಳು.

ಮೇಷ್ಟ್ರು ಬೋರ್ಡಿನ ಕಡೆ ನೋಡಿದರು. "ಉಳಿದ ಮೂರು ನಿಜ ತಾನೇ?"

"ದೇವ್ರಾಣೆ ನಿಜ ಸಾರ್."

"ಆರಕ್ಕೆ ಮೂರು. ಜಸ್ಟ್ ಪಾಸು." ಅವರು ಒರೆಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟರು. "ಸುಳ್ಳನ್ನ ನೀನೇ ಅಳಿಸು. ಕ್ಲಾಸಿಗೂ ನೀನೇ ಹೇಳ್ಬೇಕು. ಗುರುವಾರದ ಬದ್ಲು ಇವತ್ತು ಹೇಳಿದ್ಯಲ್ಲ, ಪುಣ್ಯಾತ್ಗಿತ್ತಿ!"

ಆ ಕೊನೆಯ ಮಾತು ಕೇಳಿ ನೀಲಾಂಬಿಕಳಿಗೆ ಹೋದ ಜೀವ ಬಂದಂತಾಯಿತು. ಆದರೆ ಕ್ಲಾಸಿಗೆ ಹೇಳುವುದು ಬಾಕಿ ಇತ್ತು.

"ಏನ್ ಮಾರಾಯ್ತಿ ನೀನು!" ಉಚ್ಚಂಗಪ್ಪ ಎದ್ದು ನಿಂತು ಕೂಗಿದ. "ಎಮ್ಮೆ ಹೊಡ್ಕೊಂಡ್ ಹೋಗ್ತಾನೂ ಬಾಯಿಪಾಠ ಮಾಡೀನಿ. ನಮ್ಮಜ್ಜಿಗೂ ಹೇಳ್ಕೊಟ್ಟೀನಿ. ಅಜ್ಜಿ ಈಗ ಬಂದೋರಿಗೆಲ್ಲ ಪಕೋಲಾ ಸಿಮಿ ಅಂತೈತಿ!"

ಕ್ಲಾಸೆಲ್ಲ ಹೋ ಎಂದು ನಕ್ಕಿತು. ಲೋಕಮ್ಮ ಮಾತ್ರ ನಗಲಿಲ್ಲ. "ನಾನು ಇಷ್ಟೇನಾ ಅಂದಿದ್ದಕ್ಕೆ ತಾನೇ?" ಎಂದಳು. ನೀಲಾಂಬಿಕ ಹೌದೆಂದು ತಲೆಯಾಡಿಸಿದಳು. ಲೋಕಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಕಲಿಯುವುದಕ್ಕಿಂತ ಮರೆಯುವುದು ಕಷ್ಟವಾಯಿತು. ಬುಧವಾರವಿಡೀ ಪ್ರಾಕ್ಟೀಸ್ ಮಾಡಿದರು. 'ಎಫ್ಖರಿಸ್ತೋ' ಆದ ಕೂಡಲೇ ಯಾರಾದರೊಬ್ಬರು 'ಪಕೋಲಾ' ಎಂದೇ ಬಿಡುತ್ತಿದ್ದರು. ಕೊನೆಗೆ ಮೇಷ್ಟ್ರ ಬಾಯಿಂದಲೂ ಒಮ್ಮೆ ಬಂತು.

ಗುರುವಾರ ಕೋಟು, ಪೇಟ ತೊಟ್ಟ ಇನ್‌ಸ್ಪೆಕ್ಟರು ಬಂದರು. ಎಲೆನಮ್ಮ ಹತ್ತಿಯ ಸೀರೆ ಉಟ್ಟು ಬಂದರು. ನಡೆಯುವಾಗೆಲ್ಲ ನೆರಿಗೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಕಲಿಮೇರಾ!" ಇಪ್ಪತ್ತೆರಡು ಮಕ್ಕಳು ಕೈ ಮುಗಿದರು. "ತಿ ಕಾನೆತೆ? ಎಫ್ಖರಿಸ್ತೋ!"

ಅಲ್ಲಿಗೆ ಮುಗಿಯಿತು. ಉಚ್ಚಂಗಪ್ಪನ ತುಟಿ "ಪ..." ಎಂದು ಕೂಡಿಕೊಂಡಿದ್ದನ್ನು ಕಂಡು ಲೋಕಮ್ಮ ಅವನ ತೊಡೆ ಚಿವುಟಿದಳು. ಅವನು ಬಾಯಿ ಮುಚ್ಚಿಕೊಂಡ. ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡರು.

ಎಲೆನಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಮಾತಾಡತೊಡಗಿದರು. ಎಲ್ಲ ಗ್ರೀಕ್. ನಿಲ್ಲಿಸುವ ಸುಳಿವೇ ಇರಲಿಲ್ಲ. ಮಾತು ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

ಇನ್‌ಸ್ಪೆಕ್ಟರು ಸುತ್ತಲೂ ನೋಡಿದರು. "ಗ್ರೀಕ್ ಬರೋ ಹುಡುಗಿ ಒಬ್ಬಳಿದ್ದಾಳೆ ಅಂತ ಕಾಗದದಲ್ಲಿ ಬರೆದಿದ್ರಲ್ಲ ಮೇಷ್ಟ್ರೇ, ಯಾರ್ರೀ ಅವಳು? ಏಳಮ್ಮ. ಇವರು ಏನಂದ್ರು ಹೇಳು ನೋಡೋಣ."

ನೀಲಾಂಬಿಕ ಎದ್ದು ನಿಂತಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. 'ನಿಮ್ಮ ಸ್ಕೂಲು ಬಹಳ ಚೆನ್ನಾಗಿದೆ ಅಂದ್ರು' ಎಂಬ ಮಾತು ಸಿದ್ಧವಾಗಿ ನಾಲಿಗೆಯ ತುದಿಗೆ ಬಂದಿತ್ತು. ಇನ್‌ಸ್ಪೆಕ್ಟರಿಗೆ ಖುಷಿಯಾಗುತ್ತಿತ್ತು. ಮೇಷ್ಟ್ರಿಗೂ ಹೆಸರು ಬರುತ್ತಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

"ನಂಗೊತ್ತಿಲ್ರಿ ಸಾರ್," ಎಂದಳು ನೀಲಾಂಬಿಕ. "ನಂಗೆ ಬರೋದು ಮೂರೇ ಮಾತು."

ಇನ್‌ಸ್ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು.

"ನನಗೂ ಅಷ್ಟೇ ಸ್ವಾಮಿ," ಎಂದರು ಮೇಷ್ಟ್ರು. "ಅವಳೇ ಕಲಿಸಿದ್ದು."

ಇನ್‌ಸ್ಪೆಕ್ಟರು ಹೊಟ್ಟೆ ಕುಣಿಸಿ ನಕ್ಕರು. "ನನಗಿಂತ ಮೂರು ಮಾತು ಜಾಸ್ತಿ ಆಯ್ತಲ್ಲ ಬಿಡಿ!" ನೀಲಾಂಬಿಕ ಕೂತುಕೊಂಡಳು. ಅವಳಿಗೆ ಇದ್ದಕ್ಕಿದ್ದಂತೆ ಜೋರು ಹಸಿವಾಯಿತು.

ಶನಿವಾರ ಪರಮಶಿವಪ್ಪನವರು ಶಿಕಾರಿಪುರದ ಬಸ್ಸಿನಿಂದ ಇಳಿದರು, ಸೊರಗಿ ಕಡ್ಡಿಯಾಗಿ. ಎಲೆನಮ್ಮನನ್ನು ಕೇಳಿ, ಅಂದು ಅವರು ಆಡಿದ ಮಾತನ್ನು ಕನ್ನಡದಲ್ಲಿ ಹೇಳಿದರು. ಎರಡು ತಿಂಗಳಿಂದ ತನ್ನ ಭಾಷೆಯಲ್ಲಿ ತನಗೆ ಶುಭದಿನ ಹೇಳಿದವರು ಒಬ್ಬಿಬ್ಬರು ಮಾತ್ರ, ಇವತ್ತು ಇಪ್ಪತ್ತೆರಡು ಜನ ಹೇಳಿದಿರಿ ಎಂದಿದ್ದರಂತೆ.

"ಇನ್ನೊಂದ್ ಮಾತು ಕಲಿಸ್ರಿ," ಎಂದಳು ನೀಲಾಂಬಿಕ. "ಇದೇನು ಅಂತ ಹೆಂಗ್ ಕೇಳ್ಬೇಕು?"

"ತಿ ಇನೆ ಅಫ್ತೊ."

ಭಾನುವಾರ ಮಧ್ಯಾಹ್ನ ಅವಳು ಆ ಒಂದೇ ಮಾತು ಹಿಡಿದುಕೊಂಡು ದೇವಸ್ಥಾನವನ್ನೆಲ್ಲ ಸುತ್ತಿದಳು. ಕಲ್ಲು ತೋರಿಸಿದರೆ "ಪೇತ್ರಾ" ಎಂದರು ಎಲೆನಮ್ಮ. ಕಂಬ ತೋರಿಸಿದರೆ "ಕೊಲೋನಾ". ನೀರು ತೋರಿಸಿದರೆ "ನೆರೋ". ನೀಲಾಂಬಿಕ ಹಿಂಭಾಗದ ಗೋಡೆಗೆ ಬಂದಳು. ಅಲ್ಲಿ ಮಳೆ ಗಾಳಿಗೆ ಸವೆದ ಒಂದು ಕೆತ್ತನೆ ಇತ್ತು. ಹಕ್ಕಿಯೋ, ಹಾವೋ, ಮನುಷ್ಯನೋ?

"ತಿ ಇನೆ ಅಫ್ತೊ?"

ಎಲೆನಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಬೆರಳಿನಿಂದ ಸವರಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ಬಗ್ಗಿ ನೋಡಿದರು. ಆಮೇಲೆ ಭುಜ ಮೇಲೆತ್ತಿ ನಕ್ಕರು.

"ದೆನ್ ಕ್ಸೇರೊ," ಎಂದರು. ಎಂದವರೇ ತಮ್ಮ ಚಿತ್ರದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಿ, ಮಜ್ಜಿಗೆ ಚೊಂಬಿಗೆ ಕೈ ಚಾಚಿದರು.

ಸಮುದ್ರ ದಾಟಿ ಬಂದ ದೊಡ್ಡ ವಿದ್ವಾಂಸರು ಅವರು. ಇನ್ನಷ್ಟು ಮಜ್ಜಿಗೆ ಹಾಕು ಎನ್ನುವಷ್ಟು ಸಲೀಸಾಗಿ ಆ ಮಾತು ಹೇಳಿದ್ದರು.

"ದೆನ್ ಕ್ಸೇರೊ," ನೀಲಾಂಬಿಕ ಮೆಲ್ಲಗೆ ಹೇಳಿ ನೋಡಿದಳು. ಗುರುವಾರ ಇನ್‌ಸ್ಪೆಕ್ಟರ ಮುಂದೆ ತಾನು ಕನ್ನಡದಲ್ಲಿ ಹೇಳಿದ್ದೂ ಅದನ್ನೇ. ಅದರ ಅರ್ಥ ಕೇಳಲು ಅವಳು ಪರಮಶಿವಪ್ಪನವರ ಹತ್ತಿರ ಹೋಗಲಿಲ್ಲ.