ಹಗ್ಗದ ಇನ್ನೊಂದು ತುದಿ

"ಪ್ರಜೆಗಳೇ, ಇನ್ನೂ ಹಿಂದೆ ಸರಿಯಿರಿ! ಬೆಂಕಿ ಯಾರ ಸ್ನೇಹಿತನೂ ಅಲ್ಲ!"

ಹಗ್ಗದ ಮೇಲೆ ನಿಂತವನು ಕೂಗಿದ. ಕೆಳಗಿದ್ದ ಜನ ನಗುತ್ತ ಹಿಂದೆ ಸರಿದರು. ಹಿಂದೆ ಇದ್ದದ್ದು ಮಣ್ಣಿನ ಲೋಟ ಮಾಡಿ ಮಾರುವ ಮಾರ್ನಿಯ ಅಂಗಡಿ.

ಹಲಗೆ ವಾಲಿತು. ಇಡೀ ಚಳಿಗಾಲ ಕೂತು ಮಾಡಿದ್ದ ನೀಲಿ ಮಣ್ಣಿನ ಲೋಟಗಳು ಒಂದರ ಮೇಲೊಂದು ಉರುಳಿ ಚೂರಾದವು.

ಸದ್ದು ನಿಂತಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವನೂ... ಎರಡೂ ಕೈಯಲ್ಲಿ ಉರಿಯುವ ಪಂಜು ಹಿಡಿದು, ಆ ಎತ್ತರದಿಂದ.

"ಓ ಕುಂಭಗಳ ಮಹಾರಾಣಿಯೇ! ನಿನ್ನ ಲೋಟಗಳು ಬಿದ್ದರೆ ಒಡೆಯುತ್ತವೆ. ನಾನು ಬಿದ್ದರೆ ನಿನ್ನ ಹೃದಯ ಒಡೆಯುವುದೇ?"

"ಬಿದ್ದು ನೋಡು, ಗೊತ್ತಾಗುತ್ತೆ!"

ಜನ ಹೋ ಎಂದು ನಕ್ಕರು. ಅವಳ ಕಣ್ಣು ತುಂಬಿದ್ದು ಕೆಳಗಿದ್ದವರಿಗೆ ಕಾಣಲಿಲ್ಲ. ಮೇಲಿದ್ದವನಿಗೆ ಕಂಡಿತು. ಅದು ಅವಳಿಗೆ ತಿಳಿಯಲಿಲ್ಲ.

ಸಂಜೆ ಅವನು ಗರಿಯ ಟೋಪಿಯನ್ನು ಎದೆಗೊತ್ತಿಕೊಂಡು ಬಂದ. ಅವನ ಹೆಸರು ಓರಿನ್.

"ದೇವಿ, ಈ ಬಡ ಹಗ್ಗದಾಳಿನ ಅಪರಾಧವನ್ನು ಮನ್ನಿಸಿ..."

"ಆ ನಾಟಕದ ಮಾತು ಜನರಿಗೆ ಇಟ್ಕೋ. ನಿನ್ನ ಮಾತಲ್ಲಿ ಹೇಳೋಕೆ ಬರುತ್ತಾ?"

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಟೋಪಿಯನ್ನು ಎರಡು ಸಲ ತಿರುಗಿಸಿ ಹೊರಟುಹೋದ.

'ಎಷ್ಟು ಸೊಕ್ಕು!' ಎಂದುಕೊಂಡಳು ಮಾರ್ನಿ.

ಅಂದಿನಿಂದ ಅವನ ಆಟದ ಡೋಲು ಕೇಳಿದೊಡನೆ ಅವಳು ಅಂಗಡಿಯ ಒಳಕೋಣೆಗೆ ಹೋಗಿ, ಏನೂ ಕಿವಿಗೆ ಬೀಳದ ಹಾಗೆ ಮಣ್ಣನ್ನು ದಬದಬನೆ ಬಡಿಯುತ್ತಿದ್ದಳು. ಆಟ ಮುಗಿದ ಮೇಲೆ ಲೋಟಗಳು ಎಂದೂ ಇಲ್ಲದಷ್ಟು ಮಾರಾಟವಾಗುತ್ತಿದ್ದವು. ಅದು ಹೊಸ ನೀಲಿ ಬಣ್ಣದ ಮಹಿಮೆ ಎಂದು ನಂಬಿದ್ದಳು.

ಅಮೆರಿಕದ ಒಹಾಯೋದ ಆ ಓಕ್ ಕಾಡಿನಲ್ಲಿ, ಹಳೆಯ ಯುರೋಪಿನ ರಾಜರ ಕಾಲದ ವೇಷ ತೊಟ್ಟು ನಡೆಸುವ ರೆನೈಸಾನ್ಸ್ ಮೇಳದಲ್ಲಿ ಅಂಗಡಿಯವರು ಒಂದು ಕಡೆ, ಆಟದವರು ಇನ್ನೊಂದು ಕಡೆ. ಬಿಡಾರದಲ್ಲಿ ಚಳಿ ಕಾಯಿಸಿಕೊಳ್ಳಲೂ ಎರಡು ಬೇರೆ ಬೇರೆ ಒಲೆ. ಒಬ್ಬರನ್ನೊಬ್ಬರು ಬೈಯುತ್ತಿದ್ದರು ಎಂದಲ್ಲ. ಮಾತೇ ಆಡುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಚರ್ಮದ ಬೆಲ್ಟು ಮಾರುವ ಬರ್ನಿಸ್ ಅಂಗಡಿಯವರನ್ನೆಲ್ಲ ಸೇರಿಸಿದಳು.

"ನಮ್ಮ ಬಾಗಿಲಿಗೆ ಬೆನ್ನು ಹಾಕಿ ಜನ ನಿಂತ್ರೆ, ನಾವೇನು ಬೆನ್ನುಗಳಿಗೆ ಮಾರ್ಬೇಕಾ? ಆ ಹಗ್ಗದ ಕೋತಿಯ ವೇದಿಕೆ ಪಾಯಿಖಾನೆ ಪಕ್ಕದ ಬಯಲಿಗೆ ಹೋಗ್ಲಿ. ಸಂಜೆ ಮೇಳದ ಯಜಮಾನ್ರಿಗೆ ಹೇಳ್ತೀನಿ. ಒಪ್ಪೋರು ಕೈ ಎತ್ತಿ!"

ಆ ಬಯಲಿಗೆ ಹೋದ ಆಟಗಾರ ಯಾರೂ ಮರುವರ್ಷ ಮೇಳಕ್ಕೆ ಬಂದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಮಾರ್ನಿಗೂ.

ಅವಳು ಕೈ ಎತ್ತಿದಳು.

ರಾತ್ರಿಯ ಮಳೆಯ ನೀರು ಅಂಗಡಿಗಳ ಹಿಂದೆ ನಿಂತಿತ್ತು. ಅವಳೇ ಸಲಿಕೆ ಹಿಡಿದು, ನೀರು ಹರಿದುಹೋಗಲೆಂದು ಇಳಿಜಾರಿನತ್ತ ಒಂದು ಕಾಲುವೆ ತೋಡಿದಳು. ಇಳಿಜಾರು ಅಂಗಡಿ ಸಾಲಿನ ತುದಿಗಿದ್ದ ಓರಿನ್‌ನ ವೇದಿಕೆಯ ಹಿಂಬದಿಗೆ ಹೋಗುತ್ತಿತ್ತು. ಆಟದವರನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ತೋಚಲೇ ಇಲ್ಲ.

ಮಧ್ಯಾಹ್ನ ಕಳೆದು ಕೊನೆಯ ಆಟದ ಡೋಲು ಶುರುವಾಯಿತು. ಮಾರ್ನಿ ಮಣ್ಣಿನ ಮುದ್ದೆ ಹಿಡಿದು ಒಳಗೆ ಹೊರಟಾಗ ಒಬ್ಬ ಹೆಂಗಸು ಬಂದು ಲೋಟ ಆರಿಸತೊಡಗಿದಳು.

"ಹೋದ ವಾರ ತಗೊಳ್ಳೋಕಾಗ್ಲಿಲ್ಲ, ಅದಕ್ಕೇ ಬಂದೆ. ಪಾಪ, ಆ ಹಗ್ಗದ ಹುಡುಗ ಅಷ್ಟು ಹೇಳ್ತಾನಲ್ಲ..."

"ಏನು ಹೇಳ್ತಾನೆ?"

"ನಿಂಗೊತ್ತಿಲ್ವಾ? ದುಡ್ಡಿಗೆ ಟೋಪಿ ಹಿಡಿಯೋ ಮುಂಚೆ ಪ್ರತಿ ಸಲ ಹೇಳ್ತಾನೆ. 'ನಾನು ಒಡೆದದ್ದನ್ನು ಜೋಡಿಸಲಾರೆ. ನೀವು ನನಗೆ ಕೊಡುವುದನ್ನು ಮೊದಲು ಆ ನೀಲಿ ಲೋಟದವಳಿಗೆ ಕೊಡಿ' ಅಂತ!"

ಮಾರ್ನಿಯ ಕೈಯಲ್ಲಿದ್ದ ಮಣ್ಣು ಹಾಗೇ ಉಳಿಯಿತು.

'ಪ್ರತಿ ಸಲ... ನಾನು ಒಳಗೆ ಮಣ್ಣು ಬಡಿಯುತ್ತಿದ್ದಾಗ...'

ಬೆಳಿಗ್ಗೆ ಎತ್ತಿದ ಕೈ ಈಗ ಭಾರವಾಯಿತು. ಅವನನ್ನು ಒಮ್ಮೆ ಸರಿಯಾಗಿ ನೋಡಬೇಕು ಅನ್ನಿಸಿ ಹಿಂಬಾಗಿಲಿನಿಂದ ಹೊರಗೆ ಬಂದಳು.

ಕಂಡದ್ದು ಅವನಲ್ಲ. ಗೂಟ.

ವೇದಿಕೆಯ ಹಿಂದೆ ಹಗ್ಗದ ತುದಿಯನ್ನು ಬಿಗಿದಿದ್ದ ಕಬ್ಬಿಣದ ಗೂಟ ವೇದಿಕೆಯತ್ತ ವಾಲಿತ್ತು. ಅದರ ಬುಡದ ಕೆಸರು ಮೆಲ್ಲಗೆ ಬಾಯಿ ಬಿಡುತ್ತಿತ್ತು. ಅವಳು ತೋಡಿದ ಕಾಲುವೆಯ ನೀರು ನೇರವಾಗಿ ಅಲ್ಲಿಗೇ ಹರಿಯುತ್ತಿತ್ತು!

ಪರದೆಯ ಆಚೆ, ಮೇಲೆ ಓರಿನ್, ಕೈಯಲ್ಲಿ ಬೆಂಕಿ. ಕೆಳಗೆ ಹುಲ್ಲಿನ ಹೊರೆಗಳ ಮೇಲೆ ಸಾಲಾಗಿ ಕೂತ ಮಕ್ಕಳು. ಕೂಗಿದರೆ ಅವನು ಬೆಚ್ಚುತ್ತಾನೆ. ಕೂಗದಿದ್ದರೆ...

ಮಾರ್ನಿ ಕೂಗಲಿಲ್ಲ. ಕೆಸರಿನಲ್ಲಿ ಕೂತು ಹಗ್ಗಕ್ಕೆ ಕೈ ಹಾಕಿದಳು. ಓಕ್ ಮರದ ಬೇರಿಗೆ ಕಾಲು ಕೊಟ್ಟು ಹಿಂದಕ್ಕೆ ಜಗ್ಗಿದಳು. ಗೂಟ ಕಿತ್ತು ಬಂತು. ಅವನ ಇಡೀ ಭಾರ ಅವಳ ಅಂಗೈಗೆ ಬಂತು. ಹಗ್ಗ ಒಂದು ಗೇಣು ಜಾರಿತು, ಚರ್ಮವನ್ನು ಸುಲಿಯುತ್ತ...

ಬರ್ನಿಸ್ ತನ್ನ ಹಿಂಬಾಗಿಲಲ್ಲಿ ಗಿರಾಕಿಯೊಬ್ಬನ ಸೊಂಟ ಅಳೆಯುತ್ತಿದ್ದಳು. ಮಾರ್ನಿಯ ಮುಖ ಕಂಡಿತು. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಕದಲುವವಳಲ್ಲ ಅವಳು. ಪಟ್ಟಿಯನ್ನು ಗಿರಾಕಿಯ ಕೈಗೇ ಕೊಟ್ಟು ಓಡಿಬಂದಳು.

"ಏನೇ ಇದು..."

ಮಾರ್ನಿ ತಲೆಯಾಡಿಸಿದಳು. 'ಮಾತಾಡಬೇಡ!'

ಬರ್ನಿಸ್ ಹಗ್ಗ ಹಿಡಿದಳು. ಅವಳ ಹಿಂದೆ ಉಪ್ಪುನೀರಿನ ಸೌತೆಕಾಯಿ ಮಾರುವ ಡ್ವೈಟ್ ಬಂದ. ಡೋಲು ಬಡಿಯುವ ಹುಡುಗಿ ಪರದೆಯ ಸಂದಿಯಿಂದ ಇದನ್ನು ಕಂಡರೂ ಡೋಲು ನಿಲ್ಲಿಸಲಿಲ್ಲ. ಕಣ್ಣಲ್ಲೇ ಸನ್ನೆ ಮಾಡಿ ಕತ್ತಿವರಸೆಯ ಹುಡುಗರನ್ನು ಅಟ್ಟಿದಳು. ಅವರು ಬಂದು ಡ್ವೈಟ್‌ನ ಸೊಂಟ ಹಿಡಿದರು.

"ನಿನ್ ಮೈಯೆಲ್ಲ ಉಪ್ಪುನೀರಿನ ವಾಸನೆ ಕಣೋ," ಒಬ್ಬ ಪಿಸುಗುಟ್ಟಿದ.

"ಬಿಟ್ಬಿಡ್ಲಾ?"

"ಬಿಟ್ರೆ ಇಬ್ರನ್ನೂ ಹೊಲಿದ್ಹಾಕ್ತೀನಿ," ಬರ್ನಿಸ್ ಹಲ್ಲು ಕಚ್ಚಿದಳು.

ಅಲ್ಲಿಂದ ಅವನು ಕಾಣುತ್ತಿರಲಿಲ್ಲ. ಹಗ್ಗ ಮಾತ್ರ ಇತ್ತು.

ಹಗ್ಗ ನಡುಗಿ ನಿಂತಿತು. ಅವನು ನಡುದಾರಿಯಲ್ಲಿ ನಿಂತುಬಿಟ್ಟಿದ್ದ!

'ನಡಿ... ದಯವಿಟ್ಟು ನಡಿ...'

ಬಹಳ ಹೊತ್ತಿನ ಮೇಲೆ ಹಗ್ಗದಲ್ಲಿ ಒಂದು ಮೆಲ್ಲನೆಯ ಒತ್ತು ಬಂತು. ಒಂದು ಹೆಜ್ಜೆ. ಇನ್ನೊಂದು. ಅವನ ಪಾದವನ್ನು ಅಂಗೈಯಲ್ಲೇ ಹೊತ್ತು ದಾಟಿಸುತ್ತಿರುವಂತೆ ಮಾರ್ನಿ ಕಣ್ಣು ಮುಚ್ಚಿದಳು.

ಚಪ್ಪಾಳೆ ಸಿಡಿಯಿತು. ಹಗ್ಗ ಹಗುರಾಯಿತು. ಎಲ್ಲರೂ ಒಬ್ಬರ ಮೇಲೊಬ್ಬರು ಕೆಸರಿಗೆ ಬಿದ್ದರು.

ಓರಿನ್ ಟೋಪಿ ಹಿಡಿಯಲಿಲ್ಲ. ಪರದೆ ಸರಿಸಿ ಓಡಿ ಬಂದ. ಕಿತ್ತ ಗೂಟವನ್ನು ನೋಡಿದ, ಕೆಸರಿನ ರಾಶಿಯನ್ನು ನೋಡಿದ, ಅವಳನ್ನು ನೋಡಿದ.

"ಮಾರ್ನಿ..."

ಮೊದಲ ಸಲ ಅವಳ ಹೆಸರು.

"ಕಾಲುವೆ ತೋಡಿದ್ದು ನಾನು," ಅವಳು ಅಳುತ್ತಿದ್ದಳು. "ನಿನ್ನ ಗೂಟ ಇಲ್ಲಿದೆ ಅಂತ ನೋಡ್ಲೂ ಇಲ್ಲ. ನಿನ್ನ ವೇದಿಕೆ ಬಯಲಿಗೆ ಹೋಗ್ಲಿ ಅಂತ ಬೆಳಿಗ್ಗೆ ಕೈ ಎತ್ತಿದ್ದೂ ನಾನೇ..."

ಅವನು ಅವಳೆದುರು ಕೆಸರಿನಲ್ಲೇ ಕೂತ.

"ನಡುವೆ ಹಗ್ಗ ಕುಸೀತು. ಕೆಳಗೆ ಮಕ್ಕಳು. ಮುಗೀತು ಅಂದ್ಕೊಂಡೆ. ಆಮೇಲೆ ಬಿಗಿಯಾಯ್ತು... ಆದ್ರೆ ಬೇರೆ ಥರ. ಗೂಟ ಉಸಿರಾಡಲ್ಲ, ಮಾರ್ನಿ. ಇದು ಉಸಿರಾಡ್ತಿತ್ತು. ಯಾರೋ ಹಿಡ್ಕೊಂಡಿದಾರೆ ಅಂತ ಕಾಲಿಗೆ ಗೊತ್ತಾಯ್ತು. ಅದಕ್ಕೇ ನಡೆದೆ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೆ ಅವತ್ತು ನಿನ್ನ ಅಂಗಡಿ ಮುಂದೆ ಆದಷ್ಟಿಲ್ಲ." ಅವನು ಕೈಯ ಕೆಸರನ್ನು ಅಂಗಿಗೆ ಒರೆಸಿಕೊಂಡ. "ಹಗ್ಗದ ಮೇಲೆ ಏನ್ ಬೇಕಾದ್ರೂ ಹೇಳ್ತೀನಿ. ನೆಲದ ಮೇಲೆ ನಂಗೆ ಮಾತೇ ಬರಲ್ಲ. ನೀನಂದ್ರೆ ನಂಗಿಷ್ಟ. ಇಷ್ಟೇ... ಇಷ್ಟೇ ಹೇಳ್ಬೇಕಾಗಿದ್ದದ್ದು."

ಬರ್ನಿಸ್ ಸೊಂಟ ಹಿಡಿದು ಎದ್ದಳು. "ವೇದಿಕೆ ಎಲ್ಲೂ ಹೋಗಲ್ಲ. ಜನರನ್ನ ಆ ಮರದ ಕಡೆ ತಿರುಗಿಸಿ ಕೂರಿಸಿದ್ರೆ ನಮ್ಮ ಬಾಗಿಲಿಗೂ ಅಡ್ಡ ಇರಲ್ಲ. ಇಷ್ಟು ಸಣ್ಣ ವಿಷಯ, ಮೊದ್ಲೇ ಕೇಳೋಕೇನಾಗಿತ್ತು ನಿಮಗೆ?"

"ನೀವು ನಮ್ಮನ್ನ ಮಾತಾಡ್ಸಿದ್ದು ಯಾವಾಗ ಅಜ್ಜಿ?" ಕತ್ತಿವರಸೆಯವನು ಕೇಳಿದ.

"ಅಜ್ಜಿ ಅಂದ್ರೆ ಬೆಲ್ಟಲ್ಲೇ ಬಾರಿಸ್ತೀನಿ! ಏಳು, ಸಲಿಕೆ ತಗೊಂಬಾ. ಕಾಲುವೆ ಆ ಕಡೆ ತಿರುಗಿಸ್ಬೇಕು."

ಅವರೆಲ್ಲ ಸಲಿಕೆ ಹುಡುಕಲು ಹೋದರು. ಓರಿನ್ ಅವಳ ಸುಲಿದ ಅಂಗೈಗಳನ್ನು ತನ್ನ ಕೈಮೇಲೆ ಇಟ್ಟುಕೊಂಡ.

ಮಾರ್ನಿ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಎಲೈ ಹಗ್ಗದ ಭೂಪನೇ, ನೀನು ಬಿದ್ದಿದ್ದರೆ ಈ ಕುಂಭಗಳ ಮಹಾರಾಣಿಯ ಹೃದಯ..."

"ನಾಟಕದ ಮಾತು ಜನರಿಗೆ ಇಟ್ಕೋ," ಅವನು ಮೆಲ್ಲಗೆ ನಕ್ಕ. "ನಿನ್ನ ಮಾತಲ್ಲಿ ಹೇಳೋಕೆ ಬರುತ್ತಾ?"

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ.

ಅವನು ಕಾದ.

"ಬೀಳ್ಬೇಡ ಕಣೋ..." ಎಂದಳು ಮಾರ್ನಿ.