ಫಾರ್ವರ್ಡ್ ಆಗಿ ಬಂದ ಅಳು

ಧಡ್! ಶಟರ್‌ಗೆ ಮತ್ತೊಂದು ಕಲ್ಲು ಬಿತ್ತು.

ಮಾಚೇನಹಳ್ಳಿಯ ವೆಲ್ಡಿಂಗ್ ಶಾಪ್. ಒಳಗೆ ನಾನು ಮತ್ತು ಲಕ್ಷ್ಮೀಕಾಂತ. ಸ್ಕೂಲ್ ಮಕ್ಕಳ ಐಡಿ ಕಾರ್ಡಿಗೆ ಫೋಟೊ ತೆಗೆಯುವವನು. ಅವನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಹೊರಗಿನವರು ಅವನ ಕ್ಯಾಮೆರಾ ಕಿತ್ತುಕೊಂಡು ನೋಡಿದ್ದರು. ತುಂಬಾ ಮಕ್ಕಳ ಮುಖ! ಅಷ್ಟು ಸಾಕಾಯಿತು ನೋಡಿ, ಅವನು ಮಕ್ಕಳ ಕಳ್ಳನಾಗಲು. ಆ ದಾರಿಯಲ್ಲಿ ಹೋಗುತ್ತಿದ್ದ ನಾನೇ ಅವನನ್ನು ಒಳಗೆಳೆದು ಶಟರ್ ಹಾಕಿದ್ದೆ.

"ಮೇಡಂ... ಸಾಯಿಸ್ತಾರಾ?"

"ಬಾಯ್ಮುಚ್ಕೊಂಡು ಕೂತ್ಕೊ ಮಾರಾಯ!"

ಶಿವಮೊಗ್ಗದ ಲೋಕಲ್ ಚಾನೆಲ್ಲಿನಲ್ಲಿ ದಿನಾ ಸುದ್ದಿ ಓದುವವಳು ನಾನು. ಶಟರ್ ಸಂದಿಯಿಂದ ಕೂಗಿದೆ.

"ಲೋಹಿತ್! ನಾನು ಟಿವಿ ರಶ್ಮಿ. ವಾಟ್ಸಾಪಲ್ಲಿ ಬಂದಿರೋ ಮಕ್ಕಳ ಕಳ್ಳರ ವಿಡಿಯೊ ಫೇಕ್ ಕಣೋ!"

ಗುಂಪಿನ ಲೀಡರ್, ನನಗೆ ಪರಿಚಯದ ಲೋಹಿತ್, ನಕ್ಕ. "ಯಾರಿಗೆ ಹೇಳ್ತೀರಾ ಅಕ್ಕ? ಅದರಲ್ಲಿ ನಿಮ್ಮ ಚಾನೆಲ್ ಲೋಗೊನೇ ಇದೆಯಲ್ಲ!"

"ಅದನ್ನ ಯಾರೋ ಅಂಟಿಸಿದ್ದು!"

"ಈಗ ಉಲ್ಟಾ ಹೊಡೆಯೋಕೆ ಎಷ್ಟು ತಗೊಂಡ್ರಿ?"

ಮೈಯೆಲ್ಲ ಉರಿದುಹೋಯಿತು! ನಮ್ಮ ಲೋಗೊ ಕದ್ದವನ ಮಾತು ನಿಜ, ಬಾಯಿಬಿಟ್ಟು ಹೇಳಿದ ನಾನು ಸುಳ್ಳಿ!

ಪೊಲೀಸರಿಗೆ ಫೋನ್ ಮಾಡಿದೆ. "ಹೊರಟಿದ್ದೀವಿ ಮೇಡಂ." ಅಷ್ಟರಲ್ಲಿ ಶಟರ್ ಕೆಳಗೆ ಹಾರೆ ತೂರಿತು.

ಆಗ ಹೊಳೆಯಿತು. ನಮ್ಮ ಕಡೆ ಸುದ್ದಿ ಓದುವವಳ ಮಾತು ಯಾರಿಗೆ ಬೇಕು? ಗುರುತಿಲ್ಲದ ಹೆಂಗಸು ಅತ್ತುಕೊಂಡು ಕಳಿಸಿದ ವಾಯ್ಸ್ ಮೆಸೇಜ್ ಬೇಕು. ಅದೂ ನಾಲ್ಕು ಗ್ರೂಪ್ ದಾಟಿ ಬಂದಿರಬೇಕು.

ಫೋನನ್ನು ಬಾಯಿಗಿಟ್ಟುಕೊಂಡು, ದನಿ ಬದಲಿಸಿ, ಹೊರಗೆ ಕೇಳದ ಹಾಗೆ ಗೋಳಾಡಿದೆ.

"ಅಯ್ಯೋ ಅಣ್ಣಂದಿರಾ... ಮಕ್ಕಳ ಕಳ್ಳರು ಸಿಕ್ಕಿಬಿದ್ರು! ಭದ್ರಾವತಿ ಪೊಲೀಸ್ ಸ್ಟೇಷನ್ನಲ್ಲಿದಾರೆ... ಇನ್ನೇನು ಬೇರೆ ಕಡೆ ಸಾಗಿಸ್ತಾರಂತೆ... ಬೇಗ ಬನ್ನಿ! ಎಲ್ಲಾ ಗ್ರೂಪ್‌ಗೂ ಹಾಕಿ!"

ಭದ್ರಾವತಿಯ ಗೆಳತಿ ತನುಜಾಗೆ ಕಳಿಸಿದೆ. "ಏನೂ ಕೇಳ್ಬೇಡ ಮಾರಾಯ್ತಿ, ಎಲ್ಲಾ ಕಡೆ ಫಾರ್ವರ್ಡ್ ಮಾಡು!"

ಶಟರ್ ಮೊಳಕಾಲೆತ್ತರಕ್ಕೆ ಎದ್ದಿತು. ದೊಣ್ಣೆಗಳು ಕಂಡವು. ಲಕ್ಷ್ಮೀಕಾಂತ ನನ್ನ ಕೈ ಹಿಡಿದುಕೊಂಡ.

ಟಿಂಗ್!

ಹೊರಗೆ ಒಂದು ಫೋನು. ಇನ್ನೊಂದು... ಮತ್ತೊಂದು. ಎಲ್ಲದರಲ್ಲೂ ನನ್ನದೇ ಅಳು!

"ಲೇಯ್, ಕಳ್ಳರು ಸ್ಟೇಷನ್ನಲ್ಲಿದಾರಂತೆ ಕಣ್ರೋ! ನಡೀರಿ!" ಲೋಹಿತನ ದನಿ.

ಹಾರೆ ಕೆಳಗೆ ಬಿತ್ತು. ಬೈಕುಗಳು ಹೊರಟವು... ನೇರ ಪೊಲೀಸರ ಬಾಗಿಲಿಗೆ! ಅಲ್ಲಿ ಲಾಠಿ ಬೀಸುವಷ್ಟರಲ್ಲಿ ಲೋಹಿತ್ ಪರಾರಿ.

ಲಕ್ಷ್ಮೀಕಾಂತನ ಹಣೆಗೆ ಹೊಲಿಗೆ ಬಿತ್ತು. ಜೀವ ಉಳಿಯಿತು.

ಸಂಜೆಯ ಸುದ್ದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಓದಿದೆ. ಕಳ್ಳರೂ ಇಲ್ಲ, ಹೆಂಗಸೂ ಇಲ್ಲ, ಅತ್ತವಳು ನಾನೇ ಅಂದೆ. ಆನ್‌ಲೈನ್‌ನಲ್ಲಿ ಹಾಕಿದ ಆ ಸುದ್ದಿಯ ಕೆಳಗೆ ಮೊದಲ ಕಾಮೆಂಟ್ ಲೋಹಿತನದು:

"ಮುಚ್ರೀ ಸಾಕು! ಆ ತಾಯಿ ಅಳೋದನ್ನ ನನ್ನ ಕಿವಿಯಾರೆ ಕೇಳಿದೀನಿ."