ಐದನೆಯವರ ಕುರ್ಚಿ

ವಾಚನಾಲಯದ ಸಭೆ ಆ ಸಂಜೆಯೂ ಕೋರಂ ಇಲ್ಲದೆ ನಿಂತಿತು. ಐವರಿರಬೇಕಾದಲ್ಲಿ ನಾಲ್ವರು ಕೂತಿದ್ದರು.

"ಒಬ್ಬರು ಕಮ್ಮಿಯಾದ್ರೂ ತೀರ್ಮಾನ ಮಾಡೋ ಹಾಗಿಲ್ಲಮ್ಮ, ಅದಕ್ಕೇ ಕೋರಂ ಅನ್ನೋದು. ನಿನ್ನ ರಾಜೀನಾಮೆ ಒಪ್ಪೋದು ಹೇಗೆ? ಅರ್ಧ ಗಂಟೆ ಕಾಯೋಣ," ಎಂದರು ಅಧ್ಯಕ್ಷರಾದ ವಯಸ್ಸಾದ ಡಾಕ್ಟರು.

ಲೈಬ್ರೇರಿಯನ್‌ಗೆ ಪಿತ್ತ ನೆತ್ತಿಗೇರಿತು. ದೂರದ ಊರಿನಲ್ಲಿ ಅಕ್ಕ ಅವಳಿಗೊಂದು ಕೆಲಸ ಹುಡುಕಿ ಕಾಯುತ್ತಿದ್ದಳು. ಇಲ್ಲಿ ಹಿಂದಿನ ಸಭೆಗೆ ಬಾರದವನೂ, ಅದಕ್ಕೂ ಹಿಂದೆ ಹೊಟ್ಟೆನೋವೆಂದು ನಡುವೆ ಎದ್ದುಹೋದವನೂ ಒಬ್ಬನೇ: ಎದುರು ಅಂಗಡಿಯ ವಾಚ್ ರಿಪೇರಿಯವ.

ಅವಳು ದುಡುದುಡು ರಸ್ತೆ ದಾಟಿದಳು. ಅರ್ಧ ಎಳೆದ ಶಟರಿನೊಳಗೆ ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ಮುಂದಿನ ಮೇಜು ಮಾತ್ರ ಖಾಲಿ.

"ಇವತ್ತೂ ಹೊಟ್ಟೆನೋವಾ?"

"ಇಲ್ಲ."

"ಮತ್ತೆ ಬಂದು ಕೂರೋಕೇನ್ರೀ ಕಷ್ಟ? ಮಾತಾಡಿ ಅಂತಲೂ ಕೇಳಲ್ಲ. ಯಾವತ್ತು ತಾನೇ ಬಾಯಿ ಬಿಟ್ಟಿದ್ದೀರಿ?"

ಹೇಳಿದ ಮೇಲೆ ಅವಳಿಗೇ ಚುರುಕ್ಕೆಂದಿತು. ಒಂದೇ ಪುಸ್ತಕಕ್ಕೆ ಮತ್ತೆ ಮತ್ತೆ ಮುದ್ರೆ ಹಾಕಿಸಿಕೊಳ್ಳಲು ಬಂದು, ಕದ್ದು ನೋಡಿ, ಕಿವಿ ಕೆಂಪಗೆ ಮಾಡಿಕೊಂಡು ಹೋಗುವ ಆಸಾಮಿ ಇವನು. ಇವನ ಬಾಯಿಂದ ಒಂದು ಮಾತಿಗಾಗಿ ಕಾದು ಕಾದು ಸೋತೇ ಅವಳು ಹೊರಟಿದ್ದಳು.

ಅವನು ಮಸೂರ ತೆಗೆದ. ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು.

"ನಾನು ಬಂದ್ರೆ ಐದು ಜನ ಆಗ್ತೀವಿ. ಐದು ಜನ ಆದ್ರೆ ನೀವು ಹೋಗ್ತೀರಿ," ಎಂದ ಮೆಲ್ಲಗೆ. "ಬರದೇ ಇರೋಕೆ ಮಾತ್ರ ಧೈರ್ಯ ಸಾಕಾಯ್ತು."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಅಯ್ಯೋ ಮಹಾರಾಯ! ಹೋಗ್ಬೇಡ ಅಂತ ಒಂದು ಮಾತು ಹೇಳಿದ್ರೆ ಮುತ್ತು ಉದುರ್ತಿತ್ತಾ?"

"ಹೋಗ್ಬೇಡಿ."

"ಕೇಳಿಸ್ಲಿಲ್ಲ."

"ಹೋಗ್ಬೇಡಿ ಅಂದೆ. ನೀವಿಲ್ದೆ ನಂಗಾಗಲ್ಲ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಶಟರನ್ನು ಮೇಲಕ್ಕೆ ತಳ್ಳಿದಳು. "ಸರಿ, ಏಳಿ. ಸಭೆಗೆ ಹೋಗೋಣ."

ಅವನ ಮುಖ ಬಿಳಿಚಿಕೊಂಡಿತು. "ಸಭೆಗಾ?"

"ಕೊಟ್ಟ ರಾಜೀನಾಮೆ ವಾಪಸ್ ಪಡೆಯೋಕೂ ಐದು ಜನ ಬೇಕು ಕಣ್ರೀ!"

ಇಬ್ಬರೂ ಒಳಗೆ ಬಂದಾಗ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಅವನ ಕಿವಿಗಳನ್ನೊಮ್ಮೆ, ಅವಳ ಕಣ್ಣುಗಳನ್ನೊಮ್ಮೆ ನೋಡಿದರು. "ಅಂತೂ ಕೋರಂ ಆಯ್ತು," ಎಂದರು.

ವಾಚ್ ರಿಪೇರಿಯವನು ಮೂಲೆಯಲ್ಲಿದ್ದ ತನ್ನ ಕುರ್ಚಿಯನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಹಾಕಿ ಕೂತ.